ಬಾರದವರ ಹಾಸಿಗೆ

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಗಂಡನಿಗೆ ಎಡಬದಿಯ ಕಿಟಕಿಯ ಸೀಟೇ ಆಗಬೇಕು. ನೋಡಿದವರು ಸಮುದ್ರ ನೋಡುವ ಆಸೆ ಎಂದುಕೊಳ್ಳುತ್ತಾರೆ. ಅದಲ್ಲ. ಡಯಾಲಿಸಿಸ್‌ಗೆಂದು ಅವರ ಎಡಗೈಯ ರಕ್ತನಾಳಗಳನ್ನು ಆಪರೇಷನ್ ಮಾಡಿ ಜೋಡಿಸಿದ್ದಾರೆ. ಆ ಕೈಗೆ ಯಾರ ಚೀಲವೂ ಮೊಣಕೈಯೂ ತಾಗಬಾರದು. ಕಿಟಕಿಯ ಕಡೆ ಕೈ ಇಟ್ಟು, ಬಲಕ್ಕೆ ನಾನು ಕೂತರೆ ಅವರಿಗೆ ಧೈರ್ಯ. ಅವರ್ಸಾ, ಹಾರವಾಡ, ಅಮದಳ್ಳಿ ಕಳೆದು ಸುರಂಗ ದಾಟುವ ಹೊತ್ತಿಗೆ ನನಗೆ ಒಂದು ನಿದ್ದೆ ಮುಗಿದಿರುತ್ತದೆ. ವಾರಕ್ಕೆರಡು ಸಲ ಇದೇ ದಾರಿ, ಇದೇ ನಿದ್ದೆ. ಎಷ್ಟು ವರ್ಷದಿಂದ ಎಂದು ಕೇಳಿದರೆ ಈಗ ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ನನ್ನ ಗಂಡ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರಿ ಮಾಡಿ ನಿವೃತ್ತರಾದವರು. ನಾನು ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದೆ. ಇಬ್ಬರ ಪಿಂಚಣಿಯಲ್ಲಿ ಮನೆ ನಡೆಯುತ್ತದೆ. ಡಯಾಲಿಸಿಸ್ ಕೇಂದ್ರದಲ್ಲಿ ಅವರ ಹಾಸಿಗೆ ಯಾವುದು, ದಿನ ಯಾವುದು, ಪಾಳಿ ಯಾವುದು ಎಲ್ಲ ಗೊತ್ತುಮಾಡಿ ಆಗಿದೆ. ಇದೊಂದು ದೊಡ್ಡ ಐಶ್ವರ್ಯ ಎಂದು ನನಗೆ ಮೊದಲು ತಿಳಿದಿರಲಿಲ್ಲ. ಕಾಯಿಲೆಯವರಿಗೆ ಐಶ್ವರ್ಯ ಎಲ್ಲಿಂದ ಬಂತು ಎಂದೇ ಅಂದುಕೊಂಡಿದ್ದೆ.

ಅವರನ್ನು ಒಳಗೆ ಮಲಗಿಸಿ, ಸೂಜಿ ಚುಚ್ಚಿ, ಯಂತ್ರ ಶುರುವಾದ ಮೇಲೆ ನಮಗೆ ನಾಲ್ಕು ತಾಸು ಹೊರಗಿನ ಬೆಂಚೇ ಗತಿ. ಅಲ್ಲಿ ಕೂರುವವರು ಹೆಚ್ಚಾಗಿ ಹೆಂಗಸರು. ಹಣಕೋಣದ ಒಬ್ಬ ಮುದುಕಿ ಮಗನನ್ನು ಕರೆದುಕೊಂಡು ಬರುತ್ತಿದ್ದಳು. ಅವಳ ಬಾಯಿ ಸ್ವಲ್ಪ ಜೋರು. ಕಿನ್ನರದಿಂದ ಬರುವ ಇನ್ನೊಬ್ಬಳು ಬೆಂಚಿನ ತುದಿಗೆ ಕೂತು ಹೂವು ಕಟ್ಟುತ್ತಿದ್ದಳು. ನಾವು ಬಹಳ ಮಾತಾಡುತ್ತಿದ್ದೆವು ಅಂತಲ್ಲ. ಆದರೆ ಯಾರ ಗಂಡನಿಗೆ ನಡುಕ ಬಂತು, ಯಾರ ಮಗನಿಗೆ ವಾಂತಿಯಾಯಿತು ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು.

ಒಂದು ಬೆಳಿಗ್ಗೆ ನಾವು ಹೋಗುವಾಗ ಆ ಬೆಂಚಿನಲ್ಲಿ ಗುರುತಿಲ್ಲದ ಗಂಡಹೆಂಡತಿ ಕೂತಿದ್ದರು. ಅವನಿಗೆ ನಲವತ್ತರ ಹತ್ತಿರದ ಪ್ರಾಯ. ಮುಖ ಊದಿ ಕಣ್ಣು ಸಣ್ಣದಾಗಿತ್ತು. ಗೋಡೆಗೆ ತಲೆಯಾನಿಸಿ ಬಾಯಲ್ಲಿ ಉಸಿರಾಡುತ್ತಿದ್ದ. ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಪೈಪು ಹಾಕಿ ಬಿಳಿ ಪಟ್ಟಿ ಅಂಟಿಸಿದ್ದರು. ಆಕೆ ಸೀರೆಯನ್ನು ಮೇಲಕ್ಕೆತ್ತಿ ಕಟ್ಟಿದ್ದಳು. ಮೀನಿನ ಮತ್ತು ಮಂಜುಗಡ್ಡೆಯ ವಾಸನೆ ಬೆಂಚಿನವರೆಗೂ ಬರುತ್ತಿತ್ತು. ನಾನು ಮೀನುಗಾರರ ಮನೆಯಲ್ಲಿ ಹುಟ್ಟಿದವಳು. ಆ ವಾಸನೆಯಿಂದಲೇ ಇವಳು ಬೈತಖೋಲ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸದವಳು ಎಂದು ಗೊತ್ತಾಯಿತು.

ಕೌಂಟರಿನ ಹುಡುಗಿ ಅವಳ ಕಾರ್ಡು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅಕ್ಷರ ತೆಲುಗು. "ಇದು ಇಲ್ಲಿ ತಗೊಳ್ತಿಲ್ಲ ಅಮ್ಮ. ಕಂಪ್ಯೂಟರ್‌ನಾಗೆ ಹೆಸ್ರೇ ಬರ್ತಿಲ್ಲ. ಇಲ್ಲಿದು ರೇಷನ್ ಕಾರ್ಡ್ ಇಲ್ವಾ?" ಎಂದಳು.

"ಇಲ್ಲ. ಆಂಧ್ರ," ಎಂದಳು ಆಕೆ. ಮತ್ತೆ ಏನೋ ತಪ್ಪು ಮಾಡಿದವಳಂತೆ ತಡೆದು, "ಶ್ರೀಕಾಕುಳಂ," ಎಂದಳು.

ಒಳಗಿನ ಸಿಸ್ಟರ್ ಹೊರಗೆ ಬಂದರು. ಅವರೂ ಅಂಕೋಲೆಯ ಕರಾವಳಿಯವರೇ. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುವವರು. ಅವರು ಕಾಗದ ನೋಡಿ, ಅವನ ಮುಖ ನೋಡಿ, "ಹಾಸಿಗೆ ಎಲ್ಲಾ ಭರ್ತಿ ಇದ್ದು. ದಿನಾ ಬಂದ್ ಕೂತ್ಕೊಳ್ಳಿ. ಯಾರರೂ ಬರದೇ ಇದ್ರೆ ತಗೊಳ್ತೆ. ಅಷ್ಟೇ ನಂಗೆ ಮಾಡೂಕಾಗೂದು," ಎಂದರು. ಆ ದಿನ ಯಾರೋ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಒಳಗೆ ಕರೆದರು.

ಸಿಸ್ಟರ್ ಹೇಳಿದ್ದು ಕರುಣೆಯ ಮಾತೇ. ಆದರೆ ಅದರ ಅರ್ಥ ಬೆಂಚಿನ ಮೇಲಿದ್ದ ನಮಗೆಲ್ಲ ತಿಳಿದಿತ್ತು. ಡಯಾಲಿಸಿಸ್‌ಗೆ ಬಾರದೇ ಇರುವವರು ಎರಡೇ ತರಹದವರು. ಮದುವೆಗೋ ಕಾರ್ಯಕ್ಕೋ ಹೋಗಿ ಒಂದು ದಿನ ತಪ್ಪಿಸಿಕೊಳ್ಳುವವರು ಒಂದು ತರಹ. ಇನ್ನೊಂದು ತರಹದವರು ಮತ್ತೆ ಬರುವುದೇ ಇಲ್ಲ. ಹಣಕೋಣದ ಮುದುಕಿ ನನ್ನ ಕಿವಿಯ ಹತ್ತಿರ, "ನಮ್ಮಲ್ಲಿ ಯಾರು ಸಾಯ್ತಾರೆ ಅಂತ ಕಾಯ್ತಾ ಕೂತದೆ ಅದು," ಎಂದಳು. ಬಂದರಿನ ಆಕೆಗೆ ಅದು ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ತಿಳಿದಿರಲಿಕ್ಕಿಲ್ಲ.

ಆಮೇಲೆ ನಾವು ಹೋದಾಗಲೆಲ್ಲ ಅವರಿರುತ್ತಿದ್ದರು. ಕೆಲವು ದಿನ ಅವನಿಗೆ ಹಾಸಿಗೆ ಸಿಗುತ್ತಿತ್ತು, ಕೆಲವು ದಿನ ಸಂಜೆಯವರೆಗೆ ಕೂತು ಎದ್ದು ಹೋಗುತ್ತಿದ್ದರು. ಆಕೆ ಜೆಟ್ಟಿಯಲ್ಲಿ ಬೆಳಗಿನ ಬೋಟುಗಳ ಮೀನು ವಿಂಗಡಿಸಿ, ಕೈ ತೊಳೆದು, ಅವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ನನ್ನ ಪಕ್ಕ ಜಾಗವಿದ್ದರೆ ಅಲ್ಲೇ ಕೂರುತ್ತಿದ್ದಳು. ಬಂದರಿನಲ್ಲಿ ಕಲಿತ ಕನ್ನಡ ಅವಳದು. ಮೀನಿನ ಹೆಸರೆಲ್ಲ ಕೊಂಕಣಿಯಲ್ಲಿ, ಬೈಗುಳ ಕನ್ನಡದಲ್ಲಿ, ದುಃಖ ಮಾತ್ರ ತೆಲುಗಿನಲ್ಲಿ. ನನಗೆ ತೆಲುಗು ಬರುವುದಿಲ್ಲ. ಕನ್ನಡ ತೆಲುಗು ಎರಡೂ ಅಕ್ಕತಂಗಿ ಭಾಷೆಗಳೆಂದು ಶಾಲೆಯಲ್ಲಿ ನಾನೇ ಮಕ್ಕಳಿಗೆ ಹೇಳಿದವಳು. ಅರ್ಧ ತಿಳಿಯುತ್ತಿತ್ತು, ಉಳಿದದ್ದನ್ನು ಊಹಿಸುತ್ತಿದ್ದೆ.

ಅವನು ಮದುವೆಗೆ ಮುಂಚಿನಿಂದಲೂ ಇಲ್ಲಿಯ ಬೋಟುಗಳಲ್ಲಿ ದುಡಿದವನಂತೆ. ಅವನ ಅಪ್ಪ ಇದೇ ಕಾಯಿಲೆಯಲ್ಲಿ ಹೋದ. ಆಮೇಲೆ ಅಣ್ಣ. "ಮಾ ಊರು ನೀರು ಒಳ್ಳೇದು ಇಲ್ಲ ಅಕ್ಕಾ. ಮನೆ ಮನೆ ಇದೇ. ಇವರು ಅದಕ್ಕೇ ಊರು ಬಿಟ್ಟು ಬಂದ್ರು. ಸಮುದ್ರ ಇದೆ, ಕಾಳಿ ನದಿ ಇದೆ, ನೀರು ಒಳ್ಳೇದು, ಇಲ್ಲಿ ಬಂದ್ರೆ ಕಾಯಿಲೆ ಬರಲ್ಲ ಅಂತ," ಎಂದು ಒಂದು ದಿನ ಹೇಳಿದಳು. ನೀರೇ ಕಾರಣವೆಂದು ಅವರ ಊರಿನವರು ನಂಬಿದ್ದಾರೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಒಬ್ಬ ಮನುಷ್ಯ ಕಾಯಿಲೆಯಿಂದ ತಪ್ಪಿಸಿಕೊಳ್ಳಲು ದೇಶದ ಆ ಕರಾವಳಿಯಿಂದ ಈ ಕರಾವಳಿಗೆ ಬಂದು, ಅದು ಇಲ್ಲಿಗೂ ಹಿಂಬಾಲಿಸಿ ಬಂತಲ್ಲ ಎಂದು ನನಗೆ ಸಂಕಟವಾಯಿತು.

ಯಂತ್ರಕ್ಕೆ ಹಾಕುವ ಮುಂಚೆ ಎಲ್ಲರನ್ನೂ ತೂಕ ಮಾಡುತ್ತಾರೆ. ಹಿಂದಿನ ಸಲಕ್ಕಿಂತ ತೂಕ ಎಷ್ಟು ಏರಿದೆಯೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಅರ್ಥ. ಅವನ ತೂಕ ಪ್ರತಿ ಸಲವೂ ಸಿಕ್ಕಾಪಟ್ಟೆ ಏರಿರುತ್ತಿತ್ತು. ಸಿಸ್ಟರ್‌ಗೆ ಸಿಟ್ಟು ಬರುತ್ತಿತ್ತು. "ಉಪ್ಪು ನೀರು ಕಡ್ಮೆ ಮಾಡು ಅಂತ ಎಷ್ಟ್ ಸಲ ಹೇಳೂದು ಮಾರಾಯಾ? ಉಪ್ಪು, ನೀರು! ಕಡ್ಮೆ!" ಎಂದು ಕೂಗುತ್ತಿದ್ದರು. ಭಾಷೆ ಬಾರದವರಿಗೆ ಗಟ್ಟಿಯಾಗಿ ಹೇಳಿದರೆ ತಿಳಿಯುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಅವನು ಕೈಮುಗಿದು ತಲೆಯಾಡಿಸುತ್ತಿದ್ದ. ಕಡಿಮೆ ಮಾಡಿದ್ದೇನೆ ಎಂಬಂತೆ ಕೈಸನ್ನೆ ಮಾಡುತ್ತಿದ್ದ. ಸುಳ್ಳು ಹೇಳುತ್ತಾನೆ ಎಂದು ಸಿಸ್ಟರ್ ಇನ್ನಷ್ಟು ಸಿಟ್ಟಾಗುತ್ತಿದ್ದರು. "ಇವ್ರೆಲ್ಲ ಹೇಳದ್ ಕೇಳೂದೇ ಇಲ್ಲ," ಎಂದು ಬೆಂಚಿನ ಮೇಲೆಯೂ ಅಭಿಪ್ರಾಯ ಗಟ್ಟಿಯಾಯಿತು.

ಒಂದು ದಿನ ಹಾಸಿಗೆಗಾಗಿ ಕಾಯುತ್ತಿದ್ದಾಗ ಆಕೆ ಚೀಲದಿಂದ ದೊಡ್ಡ ಬಾಟಲಿ ತೆಗೆದು ಅವನಿಗೆ ಲೋಟ ತುಂಬ ನೀರು ಕೊಟ್ಟಳು. ಅವನು ಕುಡಿದ. ಇನ್ನೊಂದು ಲೋಟ ಬಗ್ಗಿಸಿದಳು. ನನ್ನ ಗಂಡ ನಾಲಗೆ ಒದ್ದೆಯಾಗುವಷ್ಟು ನೀರಿಗೆ ನನ್ನ ಹತ್ತಿರ ದಿನಾ ಜಗಳವಾಡುತ್ತಾರೆ. ನನಗೆ ನೋಡಲಾಗಲಿಲ್ಲ. ಲೋಟ ಹಿಡಿದುಕೊಂಡೆ.

"ಎಂತಕ್ಕೆ ಇಷ್ಟ್ ನೀರು ಕೊಡ್ತೆ ತಂಗಿ? ಸಿಸ್ಟರ್ ಬೇಡ ಹೇಳಿದ್ರಲ್ಲ?"

ಆಕೆ ನನ್ನನ್ನು ಆಶ್ಚರ್ಯದಿಂದ ನೋಡಿದಳು. "ಇದು ಮಂಚಿ ನೀಳ್ಳು ಅಕ್ಕಾ. ಒಳ್ಳೇ ನೀರು. ಕ್ಯಾನ್ ತಗೊಂಡಿದ್ದು. ಉಪ್ಪು ನೀಳ್ಳು ಬಂದ್ ಮಾಡಿದ್ದೇವೆ. ಒಂದು ಹನಿ ಇಲ್ಲ. ಸಿಸ್ಟರ್ ಹೇಳಿದ್ರಲ್ಲ, ಉಪ್ಪು ನೀರು ಬೇಡ ಅಂತ."

ನನಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಉಪ್ಪು ಎಂದರೆ ಅವರಲ್ಲೂ ಉಪ್ಪೇ. ನೀರು ಎಂದರೆ ಹೆಚ್ಚುಕಡಿಮೆ ಅದೇ ಮಾತು. ಎರಡನ್ನೂ ಸೇರಿಸಿದರೆ ಅವರಿಗೆ ಅದು ಸವುಳು ನೀರು. ಬಂದರಿನ ಹತ್ತಿರ ಅವರಿದ್ದ ಬಾಡಿಗೆ ಕೋಣೆಯ ಬಾವಿಯ ನೀರು ಬೇಸಿಗೆಯಲ್ಲಿ ಸ್ವಲ್ಪ ಸವುಳು. ಸಿಸ್ಟರ್ ಅದನ್ನೇ ಬಿಡಲು ಹೇಳುತ್ತಿದ್ದಾರೆ ಎಂದು ಅವರು ತಿಳಿದಿದ್ದರು. ಅದನ್ನು ಬಿಟ್ಟು, ದುಡ್ಡು ಕೊಟ್ಟು ಒಳ್ಳೆಯ ನೀರು ತಂದು, ಕೆಟ್ಟ ನೀರಿನಿಂದ ಬಂದ ಕಾಯಿಲೆ ಒಳ್ಳೆಯ ನೀರಿನಿಂದ ತೊಳೆದು ಹೋಗಲಿ ಎಂದು ಅವನು ಔಷಧದಂತೆ ಕುಡಿಯುತ್ತಿದ್ದ. ಸಿಸ್ಟರ್ ಬೈದಷ್ಟೂ ಹೆಚ್ಚು ಕುಡಿಯುತ್ತಿದ್ದ. ಅನ್ನದ ಜೊತೆ ಒಣಮೀನು, ಉಪ್ಪಿನಕಾಯಿ ಯಾವುದೂ ನಿಂತಿರಲಿಲ್ಲ. ಅದರ ಬಗ್ಗೆ ಯಾರೂ ಏನೂ ಹೇಳಿಲ್ಲವೆಂದೇ ಅವರ ಲೆಕ್ಕ.

ನಾನು ಒಳಗೆ ಹೋಗಿ ಸಿಸ್ಟರ್‌ಗೆ ಹೇಳಿದೆ. ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗಾರೆ ಇಷ್ಟ್ ದಿವ್ಸ ನಾ ಅಂವಂಗೆ ಎಂತ ಹೇಳ್ದೆ ಅಕ್ಕೋರೆ?" ಎಂದರು.

ಅವನ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಅವರ ಕಡೆಯವನೇ. ಬಹಳ ವರ್ಷದಿಂದ ಇಲ್ಲೇ ಇದ್ದವನಾದ್ದರಿಂದ ಎರಡೂ ಭಾಷೆ ಚೆನ್ನಾಗಿ ಬರುತ್ತಿತ್ತು. ಆಕೆ ಅವನಿಗೆ ಫೋನು ಹಚ್ಚಿದಳು. ಸಿಸ್ಟರ್ ಕನ್ನಡದಲ್ಲಿ ಒಂದೊಂದೇ ಹೇಳಿದರು, ತಾಂಡೇಲ ಆ ಕಡೆಯಿಂದ ತೆಲುಗಿನಲ್ಲಿ ಹೇಳಿದ. ಯಾವ ನೀರೂ ಬೇಡ, ಒಳ್ಳೆಯದೂ ಬೇಡ. ದಿನಕ್ಕೆ ಇಷ್ಟೇ ಎಂದು ಬಾಟಲಿಯ ಮೇಲೆ ಗೆರೆ ಎಳೆದು ತೋರಿಸಿದರು. ಒಣಮೀನು ಮುಟ್ಟಬಾರದು. ಅವನು ಎಲ್ಲ ಕೇಳಿಸಿಕೊಂಡ. ಬಾಟಲಿಯ ಗೆರೆಗೆ ಬೆರಳಿಟ್ಟು ಏನೋ ಕೇಳಿದ.

"ಹಾಗಾದ್ರೆ ಬಾಯಾರಿದ್ರೆ ಏನು ಮಾಡ್ಬೇಕು ಅಂತ ಕೇಳ್ತಿದ್ದಾನೆ," ಎಂದಿತು ಫೋನು.

"ಐಸ್ ಒಂದ್ ಚೂರು ಬಾಯಾಗೆ ಇಟ್ಕೊ ಹೇಳಿ," ಎಂದರು ಸಿಸ್ಟರ್. ಅದು ಅವನಿಗೆ ಫೋನಿಲ್ಲದೆಯೇ ತಿಳಿಯಿತು. ಬೋಟಿನ ಹೊಟ್ಟೆಗೆ ರಾಶಿಗಟ್ಟಲೆ ಐಸು ಸುರಿದ ಮನುಷ್ಯ. ನಕ್ಕ. ಸಿಸ್ಟರ್ ಗಾಬರಿಯಾಗಿ, "ಆ ಐಸ್ ಅಲ್ಲ ಮಾರಾಯಾ! ಮೀನಿಂದ್ ಅಲ್ಲ!" ಎಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕೆವು. ಆ ಜಾಗದಲ್ಲಿ ನಕ್ಕದ್ದು ನೆನಪಿರುವಷ್ಟು ಅಪರೂಪ.

ಆಮೇಲೆ ಅವನ ಮುಖದ ಬಾವು ಇಳಿಯಿತು. ಬೋಟಿಗೆ ಹೋಗಲಾಗದಿದ್ದರೂ ದಡದಲ್ಲಿ ಕೂತು ಬಲೆ ಸರಿಮಾಡುವ ಕೆಲಸವನ್ನು ಬೋಟಿನ ಮಾಲೀಕ ಕೊಟ್ಟ. ಆದರೆ ನನಗೆ ಒಂದು ಹೊಸ ಕೆಲಸ ಗಂಟುಬಿತ್ತು. ಯಾರಾದರೂ ಹೊರಗಿನವರು ಬಂದರೆ "ಅಕ್ಕೋರೆ, ಸ್ವಲ್ಪ ಹೇಳ್ರಲ್ಲ" ಎಂದು ಕರೆಯುವುದು. ಹೆದ್ದಾರಿ ಕೆಲಸಕ್ಕೆ ಬಂದವರು, ಕಟ್ಟಡ ಕೆಲಸದವರು, ಕೊಪ್ಪಳದವರು, ಒಡಿಶಾದವರು. ನನಗೆ ಬರುವುದು ಕನ್ನಡ, ಮನೆಯ ಕೊಂಕಣಿ, ಪಾಠ ಹೇಳುವಷ್ಟು ಹಿಂದಿ. ಒಡಿಶಾದವರಿಗೆ ಹಿಂದಿಯೂ ಸರಿಯಾಗಿ ಬಾರದು. ನಾಲ್ಕು ತಾಸು ಕೂತು ಬೆನ್ನು ನೋಯುವ ಹೊತ್ತಿಗೆ ಎದ್ದು ಹೋಗಿ ಕೈಸನ್ನೆ ಮಾಡಬೇಕು. ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ, ಹೌದೆನ್ನಲು ಮೈ ಬರುತ್ತಿರಲಿಲ್ಲ.

ನನ್ನ ಗಂಡನಿಗೆ ಇದು ಇಷ್ಟವಿರಲಿಲ್ಲ. "ಊರಿನವ್ರ ಚಿಂತೆ ಎಲ್ಲ ನಿಂಗೇ ಎಂತಕ್ಕೆ? ನನ್ ಗುಳಿಗೆ ಎಲ್ಲಿಟ್ಟಿದ್ದೆ ನೋಡು," ಎನ್ನುತ್ತಿದ್ದರು. ಒಮ್ಮೆ ಅವರಿಗೆ ಜ್ವರ ಬಂದು ಅಂಕೋಲೆಯಲ್ಲೇ ತೋರಿಸಿ ಮಲಗಿಸಿದೆವು. ಒಂದು ಪಾಳಿ ತಪ್ಪಿತು. ಮುಂದಿನ ಸಲ ಹೋದಾಗ ಸಿಸ್ಟರ್ ಸಹಜವಾಗಿ ಹೇಳಿದರು, ನಿಮ್ಮ ಹಾಸಿಗೆಯಲ್ಲಿ ಆ ದಿನ ಅವನನ್ನು ಹಾಕಿದ್ದೆ ಎಂದು. ನನ್ನ ಗಂಡ ತೂಕದ ಯಂತ್ರ ಹತ್ತಿ ನಿಂತರು. ವಾಪಸು ಬರುವಾಗ ಬಸ್ಸು ಅಮದಳ್ಳಿ ದಾಟಿದ ಮೇಲೆ ತಟ್ಟನೆ, "ನಾ ಸತ್ತೇ ಹೋದೆ ಅಂದ್ಕೊಂಡಿದ್ನೋ ಏನೋ ಅಂವ," ಎಂದರು. ಸ್ವಲ್ಪ ದೂರ ಹೋದ ಮೇಲೆ, "ಸಿಕ್ತಲ್ಲ ಅವಂಗೆ. ಒಳ್ಳೇದಾಯ್ತು," ಎಂದು ಕಿಟಕಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು.

ಬೇಸಿಗೆಯ ಕೊನೆಗೆ ಅವನ ಕುತ್ತಿಗೆಯಲ್ಲಿ ಪೈಪು ಹಾಕಿದ ಜಾಗ ಕೀವಾಯಿತು. ಚಳಿಜ್ವರ. ಪೈಪಿನಲ್ಲಿ ಎಷ್ಟು ದಿನ ತಳ್ಳುವುದು, ನನ್ನ ಗಂಡನಿಗೆ ಮಾಡಿದಂತೆ ಕೈಗೆ ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಅದು ಕಾರವಾರದಲ್ಲಿ ಆಗುವಂಥದ್ದಲ್ಲ. ದೊಡ್ಡ ಊರಿಗೆ ಹೋಗಬೇಕು. ಅಲ್ಲಿ ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಮಾಡಿಸಲು ಇಲ್ಲಿಯ ಕಾರ್ಡು ಬೇಕು. ಕಾರ್ಡು ಮಾಡಿಸಲು ವಿಳಾಸ ಬೇಕು. ವಿಳಾಸಕ್ಕೆ ಕೋಣೆಯ ಯಜಮಾನ ಬರೆದುಕೊಡಬೇಕು. ಅವನು ಕೊಡಲೊಲ್ಲ. ಆಕೆ ಗೋವಾಕ್ಕೆ ಕರೆದುಕೊಂಡು ಹೋಗಿ, ಕೆಲಸವಾಗದೆ ವಾಪಸು ಬಂದಳು. ಅಲ್ಲಿ ಮೊದಲು ಕೇಳುವುದು ಎಲ್ಲಿಯವರು ಎಂದು. ಅದು ನಮಗೂ ಹೊಸದಲ್ಲ. ಕಾರವಾರದ ಜನ ದೊಡ್ಡ ಕಾಯಿಲೆಗೆಲ್ಲ ಗಡಿ ದಾಟಿ ಗೋವಾಕ್ಕೆ ಹೋಗುವವರು. ಕೊಂಕಣಿ ಮಾತಾಡಿದರೂ ಅಲ್ಲಿ ನಾವು ಹೊರಗಿನವರೇ. ಸಾಲಿನಲ್ಲಿ ಹಿಂದೆ ನಿಂತು ಬಂದವರು ನಾವು ಇಲ್ಲಿ ಇನ್ನೊಬ್ಬರನ್ನು ನಮ್ಮ ಹಿಂದೆ ನಿಲ್ಲಿಸುತ್ತೇವೆ.

ನನ್ನ ತವರುಮನೆಯವರು ನೌಕಾನೆಲೆಗೆ ಜಾಗ ಬಿಟ್ಟು ಎದ್ದು ಬಂದವರು. ನಮ್ಮವರಿಗೆ ಕೊಟ್ಟ ಜಾಗವನ್ನು ಜನ ಇಂದಿಗೂ ನಿರಾಶ್ರಿತರ ಕಾಲನಿ ಎಂದೇ ಕರೆಯುತ್ತಾರೆ. ಹೋದದ್ದು ಒಂದು ಬಸ್ಸಿನ ದಾರಿಯಷ್ಟು ದೂರ. ಆದರೂ ಹೊಸ ಜಾಗದಲ್ಲಿ ಅವ್ವನಿಗೆ ಕಾಯಿಲೆಯಾದರೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಬಹಳ ಕಾಲ ಗೊತ್ತಾಗುತ್ತಿರಲಿಲ್ಲ. ಹಳೆಯ ಊರಿನ ಡಾಕ್ಟರೇ ಬೇಕು ಎಂದು ಹಟ ಹಿಡಿಯುತ್ತಿದ್ದಳು. ಆ ಡಾಕ್ಟರಿಗೆ ಅವಳ ಹೆಸರು ಗೊತ್ತಿತ್ತು ಎಂಬುದೊಂದೇ ಕಾರಣ.

ಕೊನೆಗೆ ಡಾಕ್ಟರು ಆಕೆಯನ್ನು ಕೂರಿಸಿ ಸಮಾಧಾನದಿಂದಲೇ ಹೇಳಿದರು, ಊರಿಗೆ ಕರೆದುಕೊಂಡು ಹೋಗು, ಅಲ್ಲಿ ನಿನ್ನ ಕಾರ್ಡು ನಡೆಯುತ್ತದೆ, ಆಪರೇಷನ್ನೂ ಆಗುತ್ತದೆ. ಅವಳು ಹೊರಗೆ ಬಂದು ನನ್ನ ಪಕ್ಕ ಕೂತಳು. "ಅಲ್ಲಿ ಡಾಕ್ಟರ್ ಇದಾರೆ ಅಕ್ಕಾ, ಕೆಲಸ ಇಲ್ಲ. ಇಲ್ಲಿ ಕೆಲಸ ಇದೆ. ಮನುಷ್ಯ ಎಲ್ಲಿ ಇರಬೇಕು?" ಎಂದಳು. ಕಿನ್ನರದವಳು ಕಟ್ಟುತ್ತಿದ್ದ ಮಾಲೆಯಿಂದ ಒಂದು ತುಂಡು ಹರಿದು ಅವಳ ಕೈಯಲ್ಲಿಟ್ಟಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಹತ್ತಿರ ಬಂದಿತ್ತು. ಬೋಟುಗಳು ನಿಂತರೆ ಆಕೆಗೂ ಕೆಲಸವಿಲ್ಲ. ಮಡಗಾಂವಿನಿಂದ ರೈಲು ಹಿಡಿಯುವುದೆಂದಾಯಿತು. ದಾರಿಯಲ್ಲಿ ಒಂದು ಹಗಲು, ಒಂದು ರಾತ್ರಿಗಿಂತ ಹೆಚ್ಚು. ಇಳಿದ ಕೂಡಲೇ ಯಂತ್ರ ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಹೊರಡುವ ಮುಂಚೆ ಅವನಿಗೆ ಒಂದು ಪಾಳಿ ಸಿಗಲೇಬೇಕಿತ್ತು. ಆ ದಿನ ಎಲ್ಲರೂ ಬಂದಿದ್ದರು. ಸಿಸ್ಟರ್ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ನಿಂತು, ಕೊನೆಯ ಪಾಳಿಯಾದ ಮೇಲೆ ಅವನನ್ನು ಯಂತ್ರಕ್ಕೆ ಹಾಕಿ ತೆಗೆದರು ಎಂದು ಆಮೇಲೆ ಕೇಳಿದೆ. ಹಣಕೋಣದ ಮುದುಕಿ ದಾರಿಗೆಂದು ಅವಲಕ್ಕಿ ಕಟ್ಟಿ ತಂದಿದ್ದಳು. ಆಕೆಯ ಮಡಿಲಲ್ಲಿಟ್ಟು, "ಹೋಗ್ ಬಾ ಮಗಾ. ಅವಂಗೆ ಜಡ್ಡು ಬಿಡ್ಲಿ," ಎಂದಳು. ಮೊದಲ ದಿನ ತಾನು ಹೇಳಿದ ಮಾತು ಅವಳಿಗೆ ನೆನಪಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಅವರು ಹೊರಟ ಮೇಲೆ ಮೂರು ದಿನ ಫೋನಿಲ್ಲ. ನಾನು ಅಡುಗೆ ಮಾಡುವಾಗಲೂ ಫೋನು ಒಲೆಯ ಪಕ್ಕ ಇಟ್ಟುಕೊಂಡಿದ್ದೆ. ಆಮೇಲೆ ಬಂತು. ವಿಜಯವಾಡ ದಾಟಿದ ಮೇಲೆ ಅವನಿಗೆ ಉಸಿರು ಕಟ್ಟಿ, ಇಳಿದವರು ಮನೆಗೂ ಹೋಗದೆ ಆಸ್ಪತ್ರೆಗೇ ಹೋದರಂತೆ. ಅಲ್ಲಿಯೂ ಹಾಸಿಗೆ ಭರ್ತಿ. ಆದರೆ ಹೇಗೋ ಹಾಕಿಕೊಂಡರು. "ಇಲ್ಲಿ ಬೆಂಚು ತುಂಬ ನಮ್ಮವರೇ ಅಕ್ಕಾ. ಮಾತಾಡಿದ್ದು ಎಲ್ಲಾ ತಿಳೀತದೆ," ಎಂದಳು. ಅವಳ ದನಿಯಲ್ಲಿ ಅಷ್ಟು ಹಗುರವನ್ನು ನಾನು ಎಂದೂ ಕೇಳಿರಲಿಲ್ಲ.

ಮಳೆಗಾಲ ಕಳೆದು ಬೋಟುಗಳು ಮತ್ತೆ ಇಳಿದ ಮೇಲೆ, ಒಂದು ಮಧ್ಯಾಹ್ನ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ "ಅಕ್ಕಾ" ಎಂದರು. ಅವಳೇ. ಸೊರಗಿದ್ದಳು. ಒಬ್ಬಳೇ ಬಂದಿದ್ದಳು. ಅವನ ಕೈಗೆ ಆಪರೇಷನ್ ಆಗಿದೆ, ದಿನ, ಪಾಳಿ ಗೊತ್ತಾಗಿದೆ, ಇವಳ ಅತ್ತೆಯ ಹತ್ತಿರ ಇದ್ದಾನೆ. ಅವನು ಆಸ್ಪತ್ರೆಯಿರುವ ಕಡೆ, ಇವಳು ಕೆಲಸವಿರುವ ಕಡೆ. ಹಾಗೆಂದು ಗೊತ್ತುಮಾಡಿಕೊಂಡಿದ್ದರು. ನನ್ನ ಗಂಡ ಸ್ಟ್ಯಾಂಡಿನ ಕಂಬಿ ಹಿಡಿದು ನಿಂತಿದ್ದವರು, "ಅಂವ ಹ್ಯಾಂಗಿದ್ದ?" ಎಂದು ತಾವಾಗಿಯೇ ಕೇಳಿದರು. "ಚೆನ್ನಾಗಿದಾರೆ ಅಣ್ಣಾ," ಎಂದಳು.

ಮಾತಾಡುತ್ತ ನನ್ನ ಕಣ್ಣು ಅವಳ ಕಾಲಿನ ಮೇಲೆ ಬಿತ್ತು. ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಕಚ್ಚಿತ್ತು. ವರ್ಷಗಟ್ಟಲೆ ಆ ಬೆಂಚಿನ ಮೇಲೆ ಕೂತವಳು ನಾನು, ಜನರ ಮುಖಕ್ಕಿಂತ ಮೊದಲು ಕಾಲು ನೋಡುವ ರೂಢಿಯಾಗಿದೆ.

"ಕಾಲು ಎಂತಾ ಆಯ್ತು?"

"ಐಸ್‌ನಲ್ಲಿ ನಿಲ್ತೇನಲ್ಲ ಅಕ್ಕಾ."

"ನೀನೂ ಅದೇ ಊರಿನವಳಲ್ವಾ ತಂಗಿ? ಒಂದ್ಸಲ ರಕ್ತ ತೋರಿಸ್ಕೊ. ನಾ ಬತ್ತೆ ಜೊತೆಗೆ. ಸಿಸ್ಟರ್‌ಗೆ ಹೇಳ್ತೆ."

ಆಕೆ ಬುಟ್ಟಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು.

"ಬೇಡ ಅಕ್ಕಾ. ಇದೆ ಅಂತ ಹೇಳಿದ್ರೆ ಆಮೇಲೆ ಯಾರು ದುಡಿಯೋದು?"

ನನಗೆ ಇನ್ನೊಂದು ಮಾತು ಹೇಳುವುದಿತ್ತು. ಬೇಗ ಗೊತ್ತಾದರೆ ಔಷಧದಲ್ಲೇ ತಡೆಯಬಹುದು ಎಂದು ಹೇಳಿದೆ ಕೂಡ. ಕೇಳಿದಳು, ತಲೆಯಾಡಿಸಿದಳು. ಅದು ಒಪ್ಪಿಗೆಯಲ್ಲ, ದೊಡ್ಡವರು ಹೇಳಿದ್ದಕ್ಕೆ ತೋರಿಸುವ ಮರ್ಯಾದೆ. ಅಷ್ಟರಲ್ಲಿ ಅಂಕೋಲೆಯ ಬಸ್ಸು ಹೊರಡುವುದರಲ್ಲಿತ್ತು. ಅವಳೇ ಮುಂದೆ ಹೋಗಿ ಜನರನ್ನು ಸರಿಸಿ, "ಸ್ವಲ್ಪ ಬಿಡಿ, ಪೇಷೆಂಟ್ ಇದಾರೆ," ಎಂದು ನನ್ನ ಗಂಡನ ಬಲಗೈ ಹಿಡಿದು ಮೆಟ್ಟಿಲು ಹತ್ತಿಸಿದಳು. ಎಡಗೈ ಮುಟ್ಟಬಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಇನ್ನೂ ಬಂದರಿನಲ್ಲಿದ್ದಾಳೆ. ನಾನು ಕಂಡಾಗಲೆಲ್ಲ ರಕ್ತ ಯಾವಾಗ ತೋರಿಸುತ್ತೀ ಎಂದು ಕೇಳುತ್ತೇನೆ, ಅವಳು ಮುಂದಿನ ವಾರ ಎನ್ನುತ್ತಾಳೆ.